ಆರಡಿ ತೊಟ್ಟಿ, ಒಂದು ನೀಲಿ ಡ್ರಮ್ಮು

ಸಿಹಿನೀರಿನ ಮೀನುಗಳನ್ನು ಹತ್ತು ವರ್ಷದಿಂದ ಸಾಕುತ್ತಿದ್ದೇನೆ. ಉಪ್ಪುನೀರಿನ ತೊಟ್ಟಿಯ ಆಸೆ ಹುಟ್ಟಿದ್ದು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದ ದಿನ. ಆಮೇಲೆ ಎರಡು ವರ್ಷ ಓದಿದೆ, ಲೆಕ್ಕ ಹಾಕಿದೆ. ಹೊಸ ತೊಟ್ಟಿಯ ಬೆಲೆ ನೋಡಿ ಪ್ರತಿ ಸಲ ಸುಮ್ಮನಾದೆ.

ಹೋದ ವರ್ಷ ಫೆಬ್ರವರಿಯಲ್ಲಿ ಉಡುಪಿ ಕಡೆಯವರೊಬ್ಬರು ಊರು ಬಿಡುವವರಿದ್ದರು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ, 12 ಮಿ.ಮೀ. ಗಾಜು, ಕೆಳಗಿಡುವ ಸಣ್ಣ ತೊಟ್ಟಿ ಅಂದರೆ ಸಂಪು, ನೀರು ಮೇಲೆತ್ತುವ ಪಂಪು, ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಎಲ್ಲ ಸೇರಿ ಹೊಸದರ ಮೂರನೇ ಒಂದು ಪಾಲಿಗೆ ಕೊಡುತ್ತೇನೆ ಅಂದರು. ಅಡಿಕೆ ದುಡ್ಡು ಕೈಗೆ ಬಂದಿದ್ದ ಸಮಯ. ಅಪ್ಪಯ್ಯನಿಗೆ ಹೇಳಿದಾಗ, "ಸಮುದ್ರ ನೋಡ್ಬೇಕು ಅಂದ್ರೆ ಆಗುಂಬೆ ಇಳಿದ್ರೆ ಆಯ್ತಲ್ಲ ಮಾರಾಯ, ಮನೆಗೇ ತರ್ಬೇಕಾ?" ಅಂದರು. ಆದರೂ ತರುವ ದಿನ ಪಿಕಪ್‌ನಲ್ಲಿ ಮುಂದೆ ಕೂತು ಬಂದವರು ಅವರೇ.

ಹಳೇ ತೊಟ್ಟಿ ಕೊಳ್ಳುವವರು ಮೊದಲು ನೋಡಬೇಕಾದ್ದು ಗಾಜಿನ ಗೀರಲ್ಲ, ಮೂಲೆಗಳ ಸಿಲಿಕೋನ್. ಉಗುರಿನಿಂದ ಮೆಲ್ಲಗೆ ಕೆರೆದಾಗ ಎದ್ದು ಬರುತ್ತದೆಯೇ, ಗಾಜು ಗಾಜಿಗೆ ಕೂಡಿದ ಜಾಗದಲ್ಲಿ ಬೆಳ್ಳಗಿನ ಗುಳ್ಳೆ ಕಾಣುತ್ತದೆಯೇ ಅಂತ ಟಾರ್ಚು ಹಿಡಿದು ನೋಡಿದೆ. ಒಂದು ಮೂಲೆಯಲ್ಲಿ ಒಳಗಿನ ಪಟ್ಟಿ ಎದ್ದಿತ್ತು, ಕೂಡುಜಾಗ ಮಾತ್ರ ಗಟ್ಟಿ ಇತ್ತು. ಎರಡನೆಯದಾಗಿ, ಮೀನಿಗೆ ಯಾವತ್ತಾದರೂ ಔಷಧಿ ಹಾಕಿದ್ದಿರಾ ಅಂತ ಕೇಳಿದೆ. ಒಮ್ಮೆ ಮೈಮೇಲೆ ಬಿಳಿ ಚುಕ್ಕೆ ಬಂದಾಗ ನೀಲಿ ಔಷಧಿ ಹಾಕಿದ್ದೆ ಅಂದರು. ನೀಲಿ ಔಷಧಿ ಅಂದರೆ ಬಹುಮಟ್ಟಿಗೆ ತಾಮ್ರ. ಮೀನು ತಡೆದುಕೊಳ್ಳುವಷ್ಟು ತಾಮ್ರ, ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ, ಸೀಗಡಿಯನ್ನೂ ಕಡಲ ಬಸವನಹುಳುವನ್ನೂ ಕೊಲ್ಲುತ್ತದೆ. ಆ ತಾಮ್ರ ಸುಣ್ಣದ ಕಲ್ಲು, ಮರಳಿನೊಳಗೆ ಇಳಿದು ನಿಧಾನವಾಗಿ ಮತ್ತೆ ನೀರಿಗೆ ಬರುತ್ತದೆ. ಹಾಗಾಗಿ ಅವರು ಪುಕ್ಕಟೆ ಕೊಡುತ್ತೇನೆ ಅಂದ ಕಲ್ಲು, ಮರಳು ಅಲ್ಲೇ ಬಿಟ್ಟೆ. ಅಷ್ಟು ಎಚ್ಚರಿಕೆ ವಹಿಸಿದ ನಾನು ಮುಂದೆ ಮಾಡಿದ ತಪ್ಪು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಖಾಲಿ ತೊಟ್ಟಿಯೇ 120 ಕೆ.ಜಿ. ಮೇಲೆ. ಪಿಕಪ್‌ಗೆ ಹುಲ್ಲು ಹಾಸಿ, ಅದರ ಮೇಲೆ ಹಳೇ ಹಾಸಿಗೆ, ಸುತ್ತಲೂ ಅಡಿಕೆ ಗೋಣಿ ತುರುಕಿ, ತಳ ಕೆಳಗೆ ಬರುವಂತೆ ಇಟ್ಟೆವು. ಎತ್ತುವಾಗ ಮೇಲಿನ ಗಾಜುಪಟ್ಟಿಗೆ ಯಾರೂ ಕೈ ಹಾಕಬಾರದು, ಭಾರವೆಲ್ಲ ತಳದಲ್ಲೇ ಹಿಡಿಯಬೇಕು. ಆಗುಂಬೆಯ 14 ತಿರುವುಗಳನ್ನೂ ಎರಡನೇ ಗೇರಿನಾಚೆ ಹೋಗದೆ ಹತ್ತಿಸಿದ ಡ್ರೈವರಿಗೆ ನಾನು ಋಣಿ.

ಇಡುವ ಜಾಗದ ಮಾತು. ಉಪ್ಪರಿಗೆಯ ಮರದ ನೆಲವನ್ನು ಯೋಚಿಸುವಂತೆಯೂ ಇಲ್ಲ. ತೊಟ್ಟಿ, ಸಂಪು ಸೇರಿ ನೀರು 650 ಲೀಟರ್. ಗಾಜು, ಕಲ್ಲು, ಮರಳು ಕೂಡಿದರೆ ಒಂದು ಟನ್ನಿಗೆ ಹತ್ತಿರ. ಅವರು ಕೊಟ್ಟ ಕಬ್ಬಿಣದ ಸ್ಟ್ಯಾಂಡು ಉಪ್ಪಿಗೆ ತುಕ್ಕು ತಿಂದು ಕಾಲಿನ ಬುಡ ಉದುರುತ್ತಿತ್ತು. ನಮ್ಮಲ್ಲಿ ಜಂಬಿಟ್ಟಿಗೆಗೇನು ಬರ. ಜಗಲಿಯ ಮೂಲೆಯಲ್ಲಿ ಮೂರು ಜಂಬಿಟ್ಟಿಗೆ ಕಂಬ ಕಟ್ಟಿಸಿ, ಉಪ್ಪುನೀರು ಹೀರದಂತೆ ಗಾರೆ ಮಾಡಿಸಿ, ಮೇಲೆ ಒಂದೇ ಚಪ್ಪಡಿ ಕೂರಿಸಿದೆವು. ಕಂಬಗಳ ನಡುವೆ ಸಂಪು. ರಸಮಟ್ಟ ಇಟ್ಟು ನಾಲ್ಕೂ ದಿಕ್ಕು ನೋಡಿ, ಚಪ್ಪಡಿಯ ಮೇಲೆ ಒಂದಿಂಚು ಥರ್ಮೋಕೋಲ್ ಹಾಸಿದೆ. ಸಣ್ಣ ಹರಳೊಂದು ಅಡಿಗೆ ಸಿಕ್ಕಿದರೂ ತಳದ ಗಾಜು ಸೀಳುತ್ತದೆ.

ಸಿಲಿಕೋನ್ ಕೆಲಸ ಅಂಗಳದಲ್ಲಾಯಿತು. ಹಳೆಯದರ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ. ಹಾಗಾಗಿ ಎದ್ದ ಮೂಲೆಯೊಂದನ್ನೇ ಸರಿಪಡಿಸುವ ಆಸೆ ಬಿಟ್ಟು, ಒಳಗಿನ ಪಟ್ಟಿಯನ್ನು ಪೂರ್ತಿ ಬ್ಲೇಡಿನಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸದಾಗಿ ಎಳೆದೆ. ಬೂಷ್ಟು ಹಿಡಿಯದಂತೆ ಔಷಧಿ ಬೆರೆಸಿದ ಬಾತ್‌ರೂಮ್ ಸಿಲಿಕೋನ್ ಮೀನಿಗೆ ವಿಷ. ಅಕ್ವೇರಿಯಮ್ಮಿಗೆಂದೇ ಬರುವುದನ್ನು ತರಿಸಿದೆ. ವಿನೆಗರಿನ ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರ, ಮುಟ್ಟಲಿಲ್ಲ. ಬಾವಿ ನೀರು ತುಂಬಿಸಿ ಇನ್ನೊಂದು ವಾರ ಬಿಟ್ಟೆ, ಕೆಳಗೆ ಹರಡಿದ್ದ ಪೇಪರು ಒಣಗಿಯೇ ಇತ್ತು. ಗಾಜಿಗೆ ಅಂಟಿದ ಸುಣ್ಣದ ಕರೆಯನ್ನು ವಿನೆಗರಿನಲ್ಲಿ ತೊಳೆದೆ. ತಾಮ್ರದ ಪರೀಕ್ಷೆ ಮಾಡಿದೆ: ಸೊನ್ನೆ.

ಇಷ್ಟು ಮಳೆ ಬೀಳುವ ಊರಲ್ಲಿ ನೀರನ್ನು ಯಂತ್ರದಲ್ಲಿ ಸೋಸಬೇಕೇ ಅಂತ ಬಂದವರೆಲ್ಲ ಕೇಳಿದರು. ನಮ್ಮ ಬಾವಿ ನೀರು ಕುಡಿಯಲು ಸೊಗಸು, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 60ರ ಆಸುಪಾಸು. ಆದರೆ ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣವಿದೆ. ಫಿಲ್ಟರಿನ ಬಿಳಿ ಬತ್ತಿ ಮೂರೇ ದಿನಕ್ಕೆ ಕೆಂಪಗಾಯಿತು. ಆರ್‌ಒ ಫಿಲ್ಟರಿನ ಜೊತೆಗೆ ಉಳಿದ ಲವಣ ಹೀರುವ ಡಿಐ ರಾಳದ ಕೊಳವೆ ಹಾಕಿ ಟಿಡಿಎಸ್ ಸೊನ್ನೆಗೆ ತಂದೆ. ಟ್ಯಾಂಕಿನ ಒತ್ತಡ ಸಾಲದೆ ಬೂಸ್ಟರ್ ಪಂಪು ಬೇಕಾಯಿತು. ಹೊರಹೋಗುವ ನೀರನ್ನು ಬಸಳೆ ಚಪ್ಪರಕ್ಕೆ ತಿರುಗಿಸಿದ್ದೇನೆ.

ಉಪ್ಪಿನ ವಿಷಯದಲ್ಲಂತೂ ರಾಜಿಯಿಲ್ಲ. ಕಲ್ಲುಪ್ಪು ಹಾಕಿದರೆ ಆಗದೇ ಅನ್ನುವವರಿಗೆ ನಾನು ಹೇಳುವುದಿಷ್ಟು: ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 1,300 ಮಿ.ಗ್ರಾಂ ಮೆಗ್ನೀಸಿಯಮ್, 400ಕ್ಕೂ ಮೇಲೆ ಕ್ಯಾಲ್ಸಿಯಮ್ ಇರುತ್ತದೆ. ಅಡುಗೆ ಉಪ್ಪಿನಲ್ಲಿ ಅವು ಇಲ್ಲವೆಂದೇ ಲೆಕ್ಕ. ರೀಫ್ ಸಾಲ್ಟ್ ಅಂತ ಸಿಗುವುದು 24 ಕೆ.ಜಿ. ಬೇಕಾಯಿತು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಮುದ್ರದ ನೀರಿನ ಸಾಂದ್ರತೆ, 1.025, ತೋರಿಸುವವರೆಗೆ ಡ್ರಮ್ಮಿನಲ್ಲಿ ಕಲಸಿ, ಪಂಪು ಬಿಟ್ಟು ಒಂದು ದಿನ ತಿರುಗಿಸಿ, ತೊಟ್ಟಿಗೆ ಸುರಿದೆ. ಕೊಟ್ಟಿಗೆಯ ಅಟ್ಟದಲ್ಲಿದ್ದ 200 ಲೀಟರಿನ ನೀಲಿ ಡ್ರಮ್ಮು. ಚೆನ್ನಾಗಿ ತೊಳೆದಿದ್ದೆ.

ನೀರು ತುಂಬಿದ ದಿನ ಮೀನು ಬಿಡುವ ಹಾಗಿಲ್ಲ. ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ನೆಲೆಯೂರಬೇಕು. ಅವಕ್ಕೆ ಮೇವಾಗಿ ಅಮೋನಿಯಮ್ ಕ್ಲೋರೈಡ್ ಹಾಕಿದೆ, ಅದೇ ನಮ್ಮ ನವಸಾಗರ. ಕಲಾಯಿಯವರ ನವಸಾಗರದಲ್ಲಿ ಲೋಹದ ಕಲಬೆರಕೆ ಇರಬಹುದೆಂದು ಪ್ರಯೋಗಾಲಯದ ದರ್ಜೆಯದನ್ನೇ ತಂದೆ. 650 ಲೀಟರಿಗೆ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿ.ಗ್ರಾಂ ಅಮೋನಿಯಾ ಆಗಲು ನಾಲ್ಕೇ ಗ್ರಾಂ ಸಾಕು. ಐದು ವಾರ ದಿನಾ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆದಿಟ್ಟೆ. ಹಾಕಿದ ನವಸಾಗರವನ್ನು ಬ್ಯಾಕ್ಟೀರಿಯಾ ಒಂದೇ ದಿನದಲ್ಲಿ ತಿಂದು ಮುಗಿಸಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದಾಗ ಪಾಚಿ ತಿನ್ನುವ ಹತ್ತು ಬಸವನಹುಳು ತರಿಸಿ ಬಿಟ್ಟೆ.

ಮಾರನೇ ಬೆಳಿಗ್ಗೆ ನಾಲ್ಕು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಸಂಜೆಗೆ ಎಂಟು. ಎರಡನೇ ದಿನ ಒಂದೂ ಉಳಿಯಲಿಲ್ಲ. ಅಮೋನಿಯಾ ಸೊನ್ನೆ, ಉಪ್ಪು ಸರಿ, ಉಷ್ಣತೆ 27. ಮತ್ತೆ ಮತ್ತೆ ಅದನ್ನೇ ಅಳೆಯುತ್ತಾ ಕೂತಿದ್ದೆ. ಅಪ್ಪಯ್ಯ ಕವಳ ಹಾಕುತ್ತಾ ಹತ್ತಿರ ಬಂದು, "ಉಪ್ಪು ಕಲಸಿದ್ದು ಯಾವ ಡ್ರಮ್ಮಲ್ಲಿ?" ಅಂತ ಕೇಳಿದರು. ಹೇಳಿದೆ. "ಹೋದ ಮಳೆಗಾಲ ಅದ್ರಲ್ಲೇ ಅಲ್ವೇನೋ ಮದ್ದು ಕಲಸಿದ್ದು?"

ಮದ್ದು ಅಂದರೆ ಬೋರ್ಡೋ. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಉಡುಪಿಯಲ್ಲಿ ಕಲ್ಲು, ಮರಳು ಬಿಟ್ಟು ಬಂದವನು ಮನೆಯ ಕೊಟ್ಟಿಗೆಯಿಂದಲೇ ತಾಮ್ರ ತಂದು ಸುರಿದಿದ್ದೆ. ಪರೀಕ್ಷೆಯ ಬಣ್ಣ 0.1 ಮಿ.ಗ್ರಾಂನ ಗೆರೆ ದಾಟಿತ್ತು. ಲೆಕ್ಕ ಹಾಕಿದೆ. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, ಅದರಲ್ಲಿ ಕಾಲು ಭಾಗ ತಾಮ್ರ. ಅಂದರೆ ಲೀಟರ್ ಮದ್ದಿನಲ್ಲಿ 2.5 ಗ್ರಾಂ. ನನ್ನ ಇಡೀ ತೊಟ್ಟಿಯನ್ನು 0.1ಕ್ಕೆ ಏರಿಸಲು 65 ಮಿ.ಗ್ರಾಂ, ಎಂದರೆ 26 ಮಿಲಿಲೀಟರ್ ಮದ್ದು ಸಾಕು. ಡ್ರಮ್ಮಿನ ಒಳಮೈಗೆ ಒಣಗಿ ಹಿಡಿದ ತೆಳು ಪದರದಲ್ಲೇ ಅಷ್ಟಿರುತ್ತದೆ. ತೊಳೆದದ್ದು ನೀರಿನಲ್ಲಿ, ಸುಣ್ಣದ ಜೊತೆ ಕೂತ ತಾಮ್ರ ಬರೀ ನೀರಿನಲ್ಲಿ ತೊಳೆದರೆ ಪೂರ್ತಿ ಬಿಡುವುದಿಲ್ಲ, ಒಂದು ದಿನ ಉಪ್ಪುನೀರು ತಿರುಗಿದಾಗ ಸ್ವಲ್ಪ ಸ್ವಲ್ಪ ಬಿಟ್ಟಿರಬೇಕು.

ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಹೇಳಬೇಕಾದ್ದು ಇದೊಂದೇ. ನಮ್ಮ ಕೊಡಪಾನ, ಪೈಪು, ಡ್ರಮ್ಮು, ಸ್ಪ್ರೇಯರ್, ಕೈ, ಬಟ್ಟೆ ಎಲ್ಲದರಲ್ಲೂ ತಾಮ್ರ ಇದೆ. ತೋಟದ್ದು ಯಾವುದೂ ತೊಟ್ಟಿಯ ಹತ್ತಿರ ಬರಬಾರದು. ಮಾಡಿನ ಮಳೆ ನೀರನ್ನೂ ಹಿಡಿಯಬೇಡಿ, ಮನೆಗೆ ತೋಟ ಒತ್ತಿಕೊಂಡಿರುವಲ್ಲಿ ಮದ್ದಿನ ಹನಿ ಹೆಂಚಿನ ಮೇಲೂ ಬಿದ್ದಿರುತ್ತದೆ.

ಮರಳನ್ನು ಪೂರ್ತಿ ತೆಗೆದು ಹಾಕಿದೆ. ನೀರನ್ನೆಲ್ಲ ಬದಲಿಸಿದೆ, ಇನ್ನೊಮ್ಮೆ 24 ಕೆ.ಜಿ. ಉಪ್ಪು. ತಾಮ್ರ ಹೀರುವ ರಾಳವನ್ನು ಸಂಪಿನಲ್ಲಿಟ್ಟು ಒಂದು ತಿಂಗಳು ಕಾದೆ. ಪರೀಕ್ಷೆಯಲ್ಲಿ ಬಣ್ಣ ಕಾಣದಾದ ಮೇಲೂ ಒಂದೇ ಒಂದು ಬಸವನಹುಳು ಬಿಟ್ಟು, ಹತ್ತು ದಿನ ಅದು ಗಾಜಿನ ಮೇಲೆ ಹರಿದಾಡುವುದನ್ನು ನೋಡಿದ ಮೇಲೆ ಮೀನು ತಂದೆ.

ಹವಳ ಸಾಕಬೇಕೆಂಬ ಯೋಚನೆ ಮೊದಲೇ ಬಿಟ್ಟಿದ್ದೆ. ನಮ್ಮ ಸಮುದ್ರದ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಕಡಲಿನ ಕಲ್ಲು ಅಂತ ಗುಟ್ಟಾಗಿ ಮಾರುವುದೂ ಬಹಳ ಸಲ ಹವಳದ ತುಂಡೇ. ನೇತ್ರಾಣಿಯಲ್ಲಿ ಅದನ್ನು ಜೀವಂತ ಕಂಡವನಿಗೆ ಮನೆಯಲ್ಲಿ ಕಿತ್ತು ತಂದದ್ದನ್ನು ನೋಡಲು ಮನಸ್ಸಾಗದು. ಕ್ಲೌನ್ ಅನ್ನುವ ಸಣ್ಣ ಕಡಲ ಮೀನುಗಳನ್ನಾದರೆ ಭಾರತದಲ್ಲೇ ಮರಿ ಮಾಡಿಸುತ್ತಾರೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದರ ವಿಧಾನ ರೂಪಿಸಿದ್ದಾರೆ. ಅಂಥ ಸಾಕಿದ ಜೋಡಿಯನ್ನೇ ಕೇಳಿ ತರಿಸಿದೆ. ಆಮೇಲೆ ತಿಂಗಳಿಗೊಂದರಂತೆ ಮೂರು ಮೀನು, ಒಂದು ಸೀಗಡಿ.

ಅಷ್ಟರಲ್ಲಿ ಮಳೆ ಹಿಡಿಯಿತು. ಏಪ್ರಿಲಿನಲ್ಲಿ ಸಣ್ಣ ಫ್ಯಾನು ಇಟ್ಟರೆ ನೀರು ಎರಡು ಡಿಗ್ರಿ ತಣಿಯುತ್ತಿತ್ತು, ದಿನಕ್ಕೆ ಎಂಟು ಲೀಟರ್ ಆವಿಯಾಗುತ್ತಿತ್ತು. ಆವಿಯಾಗುವುದು ನೀರು ಮಾತ್ರ, ಹಾಗಾಗಿ ತುಂಬಬೇಕಾದ್ದೂ ಉಪ್ಪಿಲ್ಲದ ನೀರು. ಜುಲೈಯಲ್ಲಿ ಗಾಳಿಯೇ ನೀರಾಗಿರುವಾಗ ಎರಡು ಲೀಟರೂ ಆರುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿ, ಬಚ್ಚಲೊಲೆಯ ಹೊಗೆ ಜಗಲಿಗೆ ನುಗ್ಗಿದ ದಿನ ಪಿಎಚ್ 8.2ರಿಂದ 7.8ಕ್ಕೆ ಇಳಿಯಿತು. ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಕಿಟಕಿಯಾಚೆ ಹಾಕಿದ ಮೇಲೆ 8ಕ್ಕೆ ಏರಿತು.

ಕರೆಂಟು ಇನ್ನೊಂದು ದೊಡ್ಡ ಚಿಂತೆ. ಪಂಪು ನಿಂತ ಕೂಡಲೇ ಮೇಲಿನ ನೀರು ಸಂಪಿಗೆ ಇಳಿಯುತ್ತದೆ. ಈ ಅಳತೆಯ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ 11 ಲೀಟರ್. ಹಾಗಾಗಿ ಮೊದಲ ದಿನವೇ ಸ್ವಿಚ್ ಆರಿಸಿ, ಸಂಪು ಉಕ್ಕದ ಮಟ್ಟಕ್ಕೆ ಗೆರೆ ಎಳೆದಿಟ್ಟಿದ್ದೆ. ಕರೆಂಟು ಹೋದಾಗ ನಿಲ್ಲಬಾರದ್ದು ನೀರಿನ ಅಲುಗಾಟ, ಅದಿಲ್ಲದೆ ಆಮ್ಲಜನಕ ಬೆರೆಯದು. ನೀರಲ್ಲಿ ಅಲೆ ಎಬ್ಬಿಸುವ 12 ವೋಲ್ಟಿನ ವೇವ್‌ಮೇಕರನ್ನು ಇನ್ವರ್ಟರಿನ ಮೂಲಕ ಓಡಿಸದೆ ನೇರ 150 ಎಎಚ್ ಬ್ಯಾಟರಿಗೆ ಕೊಟ್ಟಿದ್ದೇನೆ. ಜುಲೈಯಲ್ಲಿ ಮರ ಬಿದ್ದು ಮೂರು ರಾತ್ರಿ ಕರೆಂಟಿಲ್ಲದಾಗ ಕೊನೆಯ ರಾತ್ರಿಗೆ ಜೀಪಿನ ಬ್ಯಾಟರಿ ಬಿಚ್ಚಿ ತಂದು ಜೋಡಿಸಿದೆ. ಒಂದು ಮೀನೂ ಹೋಗಲಿಲ್ಲ.

ಈಗ ಎರಡನೇ ಮಳೆಗಾಲ. ಕ್ಲೌನ್ ಜೋಡಿ ಕಲ್ಲಿನ ಸಂದಿಯೊಂದನ್ನು ತಮ್ಮದು ಮಾಡಿಕೊಂಡು ಅಲ್ಲಿಗೆ ಸೀಗಡಿಯನ್ನೂ ಬಿಡುವುದಿಲ್ಲ. ಮೊನ್ನೆ ತೋಟಕ್ಕೆ ಮೊದಲ ಮದ್ದು ಹೊಡೆಸಿದೆವು. ಮದ್ದು ಹೊಡೆದ ದಿನ ನಾನು ತೊಟ್ಟಿಗೆ ಕೈ ಹಾಕುವುದಿಲ್ಲ. ಮೀನಿಗೆ ಆಹಾರ ಹಾಕುವವರು ಅಪ್ಪಯ್ಯ. ಕೊಟ್ಟಿಗೆಯ ನೀಲಿ ಡ್ರಮ್ಮಿನ ಮೇಲೆ ಕೆಂಪು ಬಣ್ಣದಲ್ಲಿ ಮದ್ದು ಅಂತ ದೊಡ್ಡದಾಗಿ ಬರೆದವರೂ ಅವರೇ.