ಆಕರ್ಷಣೆಯ ಮಾತಿಗೆ ಇಂಗ್ಲಿಷ್ ಪದಗಳು: ನಾನು ಪಾಠ ಕಟ್ಟಿದ ಬಗೆ

ಬೆಂಗಳೂರಿನ ವಿಜಯನಗರದಲ್ಲಿ ನಾನು ನಡೆಸುವ ಸ್ಪೋಕನ್ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ, ಈಗ ವೈಟ್‌ಫೀಲ್ಡ್ ಕಡೆಗೋ ಎಲೆಕ್ಟ್ರಾನಿಕ್ ಸಿಟಿ ಕಡೆಗೋ ಕೆಲಸಕ್ಕೆ ಹೋಗುವ ಯುವಕ ಯುವತಿಯರು. ಮೀಟಿಂಗಿನಲ್ಲಿ ಮಾತನಾಡುವುದನ್ನು, ಇಮೇಲ್ ಬರೆಯುವುದನ್ನು ಅವರು ಬೇಗ ಕಲಿಯುತ್ತಾರೆ. ಆದರೆ ಊಟದ ಬಿಡುವಿನಲ್ಲಿ ಯಾರಿಗೆ ಯಾರು ಇಷ್ಟ, ಯಾರ ನಗೆಗೆ ಏನರ್ಥ ಎಂಬ ಮಾತು ಬಂದರೆ ಸುಮ್ಮನಾಗುತ್ತಾರೆ. ಕಚೇರಿಯ ನಡವಳಿಕೆಯ ತರಬೇತಿಯಲ್ಲಿ ಅದೇ ವಿಷಯ ಗಂಭೀರವಾಗಿ ಚರ್ಚೆಗೆ ಬಂದಾಗಲೂ ಸುಮ್ಮನಾಗುತ್ತಾರೆ. ಈ ಎರಡನೆಯ ಮೌನದಿಂದ ಆಗಬಹುದಾದ ನಷ್ಟ ದೊಡ್ಡದೆಂದು ನನಗೆ ಅನ್ನಿಸಿದ್ದರಿಂದ, ಫ್ಲರ್ಟಿಂಗ್ (ಸರಸದ ಮಾತು, ನಡವಳಿಕೆ) ಮತ್ತು ಆಕರ್ಷಣೆಯ ಮನೋವಿಜ್ಞಾನವನ್ನು ಕುರಿತು ಮಾತನಾಡಲು ಬೇಕಾದ ಪದಗಳಿಗೇ ಪ್ರತ್ಯೇಕ ಪಾಠಗಳನ್ನು ಸಿದ್ಧಪಡಿಸಿದೆ.

“ಮೇಡಂ, ಇದನ್ನೆಲ್ಲ ಕ್ಲಾಸಲ್ಲಿ ಮಾತಾಡಬಹುದಾ?” ಎಂದು ಒಬ್ಬರು ಕೇಳಿಯೇ ಬಿಟ್ಟರು. ಆ ಸಂಕೋಚವನ್ನು ಕಳೆಯುವ ಸಲುವಾಗಿ, ತಮ್ಮ ಸ್ವಂತ ವಿಷಯವನ್ನು ಯಾರೂ ಹೇಳಬೇಕಾಗಿಲ್ಲ ಎಂಬ ನಿಯಮವನ್ನು ಮೊದಲೇ ಮಾಡಿ, ಪಾಠವನ್ನು ಸಂಶೋಧನೆಗಳಿಂದ ಆರಂಭಿಸಿದೆ. ಬೇರೆಯವರ ಮೇಲೆ ನಡೆದ ಪ್ರಯೋಗವನ್ನು ವಿವರಿಸುವಾಗ ನಾಚಿಕೆಗೆ ಕಾರಣವಿರುವುದಿಲ್ಲ. ಮನೋವಿಜ್ಞಾನಿ ಫೆಸ್ಟಿಂಗರ್ ಮತ್ತು ಸಂಗಡಿಗರು 1950ರಲ್ಲಿ ಪ್ರಕಟಿಸಿದ ಅಧ್ಯಯನವು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿವಾಹಿತ ವಿದ್ಯಾರ್ಥಿಗಳ ವಸತಿ ಸಮುಚ್ಚಯದಲ್ಲಿ ಗೆಳೆತನಗಳು ಬಹುಮಟ್ಟಿಗೆ ಪಕ್ಕದ ಬಾಗಿಲಿನವರ ನಡುವೆಯೇ ಬೆಳೆದಿದ್ದವೆಂದು ತೋರಿಸಿತು. ಅದರಿಂದ ಪ್ರಾಕ್ಸಿಮಿಟಿ, ಅಂದರೆ ಸಾಮೀಪ್ಯ, ಎಂಬ ಪದ ಪಾಠಕ್ಕೆ ಬಂತು. ಝಯಾನ್ಸ್ ಎಂಬ ಮನೋವಿಜ್ಞಾನಿ 1968ರಲ್ಲಿ, ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದಲೇ ಒಂದು ಮುಖ ಹಿತವೆನಿಸತೊಡಗುತ್ತದೆ ಎಂದು ತೋರಿಸಿದ್ದರಿಂದ ಮಿಯರ್ ಎಕ್ಸ್‌ಪೋಷರ್ ಎಂಬ ಪದಗುಚ್ಛ ಸಿಕ್ಕಿತು. ನೇರಳೆ ಮಾರ್ಗದ ಮೆಟ್ರೋದಲ್ಲಿ ದಿನವೂ ಅದೇ ಹೊತ್ತಿಗೆ ಅದೇ ಬೋಗಿಗೆ ಹತ್ತುವವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

ಹೆಚ್ಚು ಹೊತ್ತು ನಿಂತದ್ದು 1974ರ ಸೇತುವೆಯ ಪ್ರಯೋಗದ ಮೇಲೆ. ಕೆನಡಾದ ಕ್ಯಾಪಿಲಾನೋ ಕಣಿವೆಯಲ್ಲಿ ಸುಮಾರು 70 ಮೀಟರ್ ಎತ್ತರದಲ್ಲಿ ತೂಗಾಡುವ ಸೇತುವೆಯನ್ನು ದಾಟುತ್ತಿದ್ದ ಗಂಡಸರನ್ನು ಯುವತಿಯೊಬ್ಬಳು ಸಂದರ್ಶಿಸಿ ತನ್ನ ಫೋನ್ ನಂಬರ್ ಕೊಟ್ಟಳು. ಹತ್ತಿರದ ಗಟ್ಟಿಮುಟ್ಟಾದ ತಗ್ಗು ಸೇತುವೆಯ ಮೇಲೂ ಹಾಗೆಯೇ ಮಾಡಲಾಯಿತು. ತೂಗುಸೇತುವೆಯ ಮೇಲೆ ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಕರೆ ಮಾಡಿದರೆ, ಇನ್ನೊಂದು ಕಡೆಯ 16 ಮಂದಿಯಲ್ಲಿ ಇಬ್ಬರು ಮಾತ್ರ ಕರೆ ಮಾಡಿದರು. ಭಯದಿಂದ ಎದೆ ಬಡಿದುಕೊಂಡದ್ದನ್ನು ಅವರು ಆಕರ್ಷಣೆಯೆಂದು ಬಗೆದರು ಎಂಬುದು ಪ್ರಯೋಗ ನಡೆಸಿದ ಡಟನ್ ಮತ್ತು ಆರನ್ ಅವರ ವಿವರಣೆ. ಇದಕ್ಕೆ ಮಿಸ್‌ಆಟ್ರಿಬ್ಯೂಷನ್ ಎನ್ನುತ್ತಾರೆ. ಈ ಉದ್ದದ ಪದಕ್ಕಿಂತ ನನಗೆ ಮುಖ್ಯವಾಗಿದ್ದವು ಅದರ ಜೊತೆಗೆ ಬರುವ ಸಣ್ಣ ಮಾತುಗಳು: ‘ಟೆಂಡ್ಸ್ ಟು’ (ಒಲವಿರುತ್ತದೆ), ‘ಸೀಮ್ಸ್ ಟು’ (ಹಾಗೆ ತೋರುತ್ತದೆ), ‘ಮೇ ಹ್ಯಾವ್’ (ಹಾಗಾಗಿದ್ದಿರಬಹುದು). ಸಂಖ್ಯೆ ಇಷ್ಟು ಚಿಕ್ಕದಾಗಿರುವಾಗ ‘ಹೆದರಿದವರು ಪ್ರೀತಿಸುತ್ತಾರೆ’ ಎಂದು ತೀರ್ಪು ಕೊಡಲಾಗದು ಎಂಬುದನ್ನು ಕಲಿಯುವವರೇ ಗುರುತಿಸಿ, ವಾಕ್ಯವನ್ನು ಮೆದುಗೊಳಿಸುವುದನ್ನು ಅಲ್ಲಿಯೇ ರೂಢಿಸಿಕೊಂಡರು. ಇನ್ನೊಬ್ಬರ ಮನಸ್ಸಿನ ಬಗ್ಗೆ ಆಡುವ ಇಂಗ್ಲಿಷಿಗೆ ಇಂಥ ಮೆದು ಮಾತುಗಳೇ ಬೆನ್ನೆಲುಬು ಎಂದು ನಾನು ಈಗಲೂ ನಂಬಿದ್ದೇನೆ.

ವ್ಯಾಕರಣದ ಒಂದು ತೊಡಕು ಮಾತ್ರ ಮತ್ತೆ ಮತ್ತೆ ಎದುರಾಯಿತು. ‘ನನಗೆ ಅವಳಲ್ಲಿ ಆಸಕ್ತಿ’ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಐ ಆಮ್ ಇಂಟರೆಸ್ಟಿಂಗ್ ಇನ್ ಹರ್’ ಎನ್ನುವವರು ಪ್ರತಿ ತಂಡದಲ್ಲಿಯೂ ಇರುತ್ತಾರೆ. ಇಂಟರೆಸ್ಟೆಡ್, ಅಟ್ರಾಕ್ಟೆಡ್, ಫ್ಲ್ಯಾಟರ್ಡ್ (ಹೊಗಳಿಕೆಯಿಂದ ಉಬ್ಬಿದ) ಎಂಬವು ಭಾವನೆಯನ್ನು ಅನುಭವಿಸುವವರಿಗೆ, ಇಂಟರೆಸ್ಟಿಂಗ್, ಅಟ್ರಾಕ್ಟಿವ್, ಫ್ಲ್ಯಾಟರಿಂಗ್ ಎಂಬವು ಆ ಭಾವನೆಗೆ ಕಾರಣವಾದವರಿಗೆ ಅಥವಾ ಕಾರಣವಾದದ್ದಕ್ಕೆ ಎಂದು ಎರಡು ಸಾಲುಗಳಲ್ಲಿ ಬರೆಸಿದೆ. ನಗುವಿನ ನಡುವೆಯೇ ಇದು ನೆಲೆನಿಂತಿತು.

ಫ್ಲರ್ಟಿಂಗ್‌ನ ಪದಗಳಿಗೆ ಬಂದಾಗ, ಸಿಗುವ ಪಟ್ಟಿಗಳು ನನಗೆ ಉಪಯೋಗಕ್ಕೆ ಬರಲಿಲ್ಲ. ಅವು ಪದಗಳನ್ನು ಸಮಾನಾರ್ಥಕಗಳಂತೆ ಸಾಲಾಗಿ ಕೂರಿಸುತ್ತವೆ, ಆದರೆ ಅವುಗಳ ನಡುವಿನ ನಿಜವಾದ ವ್ಯತ್ಯಾಸವಿರುವುದು ಇಬ್ಬರ ಮನಸ್ಸೂ ಅದರಲ್ಲಿದೆಯೇ, ಒಬ್ಬರದು ಮಾತ್ರವೇ, ಇನ್ನೊಬ್ಬರಿಗೆ ಅದು ಬೇಡವಾಗಿದೆಯೇ ಎಂಬುದರಲ್ಲಿ. ಆದ್ದರಿಂದ ಹಲಗೆಯ ಮೇಲೆ ಅಡ್ಡಗೆರೆ ಎಳೆದು, ಫ್ರೆಂಡ್ಲಿ, ಚಾರ್ಮಿಂಗ್, ಪ್ಲೇಫುಲ್, ಫ್ಲರ್ಟೇಷಿಯಸ್, ಸಜೆಸ್ಟಿವ್ (ಲೈಂಗಿಕ ಸೂಚನೆಯುಳ್ಳ), ಪುಷಿ (ಮೇಲೆಬಿದ್ದು ಒತ್ತಾಯಿಸುವ), ಕ್ರೀಪಿ (ಅಸಹ್ಯವೋ ಭಯವೋ ಹುಟ್ಟಿಸುವ) ಎಂಬ ಚೀಟಿಗಳನ್ನು ಕೊಟ್ಟು, ಎಲ್ಲಿ ಅಂಟಿಸಬೇಕೆಂದು ಅವರನ್ನೇ ಇಂಗ್ಲಿಷಿನಲ್ಲಿ ವಾದಿಸಲು ಬಿಟ್ಟೆ. ಗಂಡುಮಕ್ಕಳು ಪ್ಲೇಫುಲ್ ಎಂದು ಇಟ್ಟ ಉದಾಹರಣೆಗಳನ್ನು ಹೆಣ್ಣುಮಕ್ಕಳು ಪುಷಿಯ ಕಡೆಗೆ ಸರಿಸಿದರು. ಮನೋವಿಜ್ಞಾನಿ ಆಂಟೋನಿಯಾ ಆ್ಯಬಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಹೆಣ್ಣಿನ ಬರಿಯ ಸ್ನೇಹಪರತೆಯನ್ನು ಗಂಡಸರು ಲೈಂಗಿಕ ಆಸಕ್ತಿಯೆಂದು ಓದಿಕೊಳ್ಳುವ ಒಲವು ಹೆಚ್ಚಾಗಿ ಕಂಡಿತ್ತು. ವಾದವೆಲ್ಲ ಮುಗಿದ ಮೇಲೆ ಅದನ್ನು ತಿಳಿಸಿ, ಮಿಸ್‌ರೀಡ್ (ತಪ್ಪಾಗಿ ಓದಿಕೊಳ್ಳುವುದು) ಮತ್ತು ಮಿಕ್ಸೆಡ್ ಸಿಗ್ನಲ್ಸ್ (ಗೊಂದಲದ ಸೂಚನೆಗಳು) ಎಂಬ ಮಾತುಗಳನ್ನು ಕೊಟ್ಟೆ.

ಕ್ರಿಯಾಪದಗಳಲ್ಲಿ ವಿತ್, ಆನ್, ಅಟ್‌ನಂಥ ಸಣ್ಣ ಪದಗಳ ಮೇಲೆ ಕಣ್ಣಿಡಲು ಹೇಳಿದೆ. ‘ಹಿಟ್ ಇಟ್ ಆಫ್ ವಿತ್’, ‘ಕ್ಲಿಕ್ ವಿತ್’ (ಒಬ್ಬರಿಗೊಬ್ಬರು ಬೇಗ ಹೊಂದಿಕೊಳ್ಳುವುದು) ಎಂಬಲ್ಲಿ ಇಬ್ಬರೂ ಒಳಗೊಂಡಿರುತ್ತಾರೆ. ‘ಹಿಟ್ ಆನ್’, ‘ಮೇಕ್ ಎ ಪಾಸ್ ಅಟ್’ (ಒಬ್ಬರನ್ನು ಒಲಿಸಿಕೊಳ್ಳಲು ಮುಂದಾಗುವುದು) ಎಂಬಲ್ಲಿ ಒಬ್ಬರು ಮಾಡುತ್ತಾರೆ, ಮತ್ತೊಬ್ಬರ ಮೇಲೆ ಅದು ಬಂದು ಬೀಳುತ್ತದೆ. ‘ಹಿಟ್ ಇಟ್ ಆಫ್’ ಮತ್ತು ‘ಹಿಟ್ ಆನ್’ ಅದಲುಬದಲಾದರೆ ಪೇಚಿಗೆ ಸಿಲುಕುವುದು ಖಂಡಿತ. ‘ಫ್ಲರ್ಟ್ ವಿತ್’ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ, ಅದು ಏಕಪಕ್ಷೀಯವೂ ಆಗಬಹುದು ಎಂಬುದನ್ನು ಎಚ್ಚರಿಕೆಯಾಗಿ ಸೇರಿಸಿದೆ. ನಮ್ಮ ಕಾಲೇಜುಗಳಲ್ಲಿ ‘ಪ್ರಪೋಸ್ ಮಾಡಿದ’ ಎಂದರೆ ಪ್ರೀತಿ ಹೇಳಿಕೊಂಡ ಎಂದಷ್ಟೇ ಅರ್ಥ. ಲಂಡನ್ನಿನ ಸಹೋದ್ಯೋಗಿಗೆ ಅದು ಮದುವೆಯ ಪ್ರಸ್ತಾಪವಾಗಿ ಕೇಳುತ್ತದೆಯಾದ್ದರಿಂದ, ಅವರೊಂದಿಗೆ ‘ಆಸ್ಕ್ ಔಟ್’ (ಜೊತೆಗೆ ಹೊರಗೆ ಬರುವಂತೆ ಕೇಳುವುದು) ಎನ್ನಲು ಹೇಳಿಕೊಟ್ಟೆ.

‘ಈವ್ ಟೀಸಿಂಗ್’ ಎಂಬುದನ್ನು ಬಳಸಬೇಡಿ ಎಂದು ನೇರವಾಗಿಯೇ ಹೇಳಿದೆ. ಹೊರದೇಶದ ಕೇಳುಗರಿಗೆ ಅದು ಅರ್ಥವಾಗುವುದಿಲ್ಲ ಎಂಬುದು ಚಿಕ್ಕ ಕಾರಣ, ಅದು ಕಿರುಕುಳವನ್ನು ಕೀಟಲೆಯ ಮಟ್ಟಕ್ಕೆ ಇಳಿಸುತ್ತದೆ ಎಂಬುದು ದೊಡ್ಡದು. ಇಲ್ಲಿ ಪದಗಳನ್ನು ಕಾನೂನಿನಿಂದಲೇ ತೆಗೆದುಕೊಂಡೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ತಿರುಳು ‘ಅನ್‌ವೆಲ್ಕಮ್’, ಅಂದರೆ ಎದುರಿನವರಿಗೆ ಬೇಡವಾದದ್ದು, ಎಂಬ ಒಂದೇ ಪದದಲ್ಲಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಸ್ಟಾಕಿಂಗ್ ಅನ್ನು ವಿವರಿಸುವಾಗ, ಹೆಣ್ಣು ತನಗೆ ಆಸಕ್ತಿಯಿಲ್ಲವೆಂದು ಸ್ಪಷ್ಟವಾಗಿ ಸೂಚಿಸಿದ ಮೇಲೂ ಮರಳಿ ಮರಳಿ ಬೆನ್ನುಹತ್ತಿ ಸಂಪರ್ಕಿಸುವುದನ್ನು ಹೆಸರಿಸುತ್ತದೆ.

ಹಾಗೆಂದು ಕಾನೂನು ಹೇಳಿದ ಮೇಲೆ, ಸ್ಪಷ್ಟವಾಗಿ ಸೂಚಿಸುವ ಇಂಗ್ಲಿಷನ್ನೂ ಕಲಿಸಬೇಕಲ್ಲ. ಅದಕ್ಕಾಗಿಯೇ ಕೊನೆಯ ಪಾಠವನ್ನು ನಿರಾಕರಣೆಗೆ ಮೀಸಲಿಟ್ಟೆ. ‘ಐ ಆಮ್ ಫ್ಲ್ಯಾಟರ್ಡ್, ಬಟ್ ಐ ಆಮ್ ನಾಟ್ ಇಂಟರೆಸ್ಟೆಡ್’ ಎಂಬುದನ್ನು ಕೊನೆಯಲ್ಲಿ ದನಿ ಇಳಿಸಿ ಹೇಳಿಸಿದೆ, ಏಕೆಂದರೆ ದನಿ ಏರಿದರೆ ವಾಕ್ಯವು ಇನ್ನೂ ಮುಗಿದಿಲ್ಲವೆಂದು ಕೇಳುವವರಿಗೆ ಅನ್ನಿಸಬಹುದು. ‘ಸಾರಿ’ ಸೇರಿಸುವುದು ಬೇಡವೆಂದರೂ ಹಲವರಿಗೆ ಅದು ಬಾಯಿಗೆ ಬಂದೇ ಬರುತ್ತಿತ್ತು. ಹೆಚ್ಚು ಸಮಯ ಹಿಡಿದದ್ದು ಅದನ್ನು ಬಿಡಿಸುವುದಕ್ಕೇ. ಎದುರಿನವರ ಉತ್ತರವಾಗಿ ‘ಫೇರ್ ಎನಫ್, ಥ್ಯಾಂಕ್ಸ್ ಫಾರ್ ಟೆಲ್ಲಿಂಗ್ ಮಿ’ (ಸರಿ, ಹೇಳಿದ್ದಕ್ಕೆ ಧನ್ಯವಾದ) ಎಂದಷ್ಟೇ ಹೇಳಿ ಮಾತು ಬದಲಿಸುವುದನ್ನು ಜೋಡಿ ಜೋಡಿಯಾಗಿ, ಪಾತ್ರಗಳನ್ನು ಅದಲುಬದಲು ಮಾಡಿ ಅಭ್ಯಾಸ ಮಾಡಿಸಿದೆ.