ನಾಲ್ಕು ಪಟ್ಟಿಯ ಚಿಪ್ಪು ನನಗೆ ಕಲಿಸಿದ್ದು

ಆ ಸೀ ಅರ್ಚಿನ್ ಚಿಪ್ಪು ಕೈಗೆ ಬಂದಾಗ ಪಟ್ಟಿಗಳನ್ನು ಬೆರಳಿಟ್ಟು ಎಣಿಸಿದೆ. ನಾಲ್ಕು. ತಿರುಗಿಸಿ ಮತ್ತೆ ಎಣಿಸಿದೆ. ನಾಲ್ಕೇ. ಸೀ ಅರ್ಚಿನ್ ಅಂದರೆ ಕಡಲ ತಳದ ಬಂಡೆಗಳ ಮೇಲೆ ತೆವಳುವ, ಮೈತುಂಬಾ ಮುಳ್ಳಿರುವ ಚೆಂಡಿನಂಥ ಜೀವಿ. ಅದರ ಮೈಕಟ್ಟಿನಲ್ಲಿ ಎಲ್ಲವೂ ಐದೈದು. ಹಲ್ಲು ಐದು. ಕೊಳವೆಯಂಥ ಕಾಲುಗಳು ಹೊರಗೆ ಚಾಚುವ ಸಣ್ಣ ತೂತುಗಳ ಪಟ್ಟಿಯೂ ಐದು. ಇದಕ್ಕೆ ಒಂದು ಪಟ್ಟಿ ಕಡಿಮೆ ಇತ್ತು. ಸಿಕ್ಕಿದ್ದು ಬಂದರಿನ ಹತ್ತಿರ. ಹೊಲಸು ನೀರಿನಿಂದಲೇ ಹೀಗಾಗಿದೆ ಅಂತ ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಆಮೇಲೆ ಒಂದಷ್ಟು ತಿಂಗಳು ಸತ್ತ ಅರ್ಚಿನ್‌ಗಳ ಚಿಪ್ಪು ಆರಿಸಿ ತಂದು ಅಳೆಯುತ್ತಾ ಕೂತೆ. ಕ್ಯಾಲಿಪರ್‌ನಲ್ಲಿ ಅಗಲ, ಎತ್ತರ. ಒಳಗಿನಿಂದ ಟಾರ್ಚ್ ಬಿಟ್ಟರೆ ತೂತುಗಳೆಲ್ಲ ನಕ್ಷತ್ರದ ಹಾಗೆ ಹೊಳೆಯುತ್ತವೆ, ಸಾಲು ಎಲ್ಲಿ ತಪ್ಪಿದೆ ಅಂತ ತಕ್ಷಣ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಒಂದು ಸಂಗತಿ ಮನಸ್ಸಿಗೆ ಬಂತು. ಚಿಪ್ಪಿನ ಹೊಸ ಫಲಕಗಳು ಹುಟ್ಟುವುದು ನೆತ್ತಿಯ ಕಡೆ. ಹಳೆಯವು ಕೆಳಗೆ, ಬಾಯಿಯ ಕಡೆ ಸರಿಯುತ್ತವೆ. ಹಾಗಾಗಿ ಊನ ಬಾಯಿಯ ಹತ್ತಿರದಿಂದಲೇ ಶುರುವಾಗಿದ್ದರೆ ಅದು ತೀರಾ ಎಳೆಯ ವಯಸ್ಸಿನದ್ದು. ನಡುವೆ ಒಂದು ಕಡೆ ಮಾತ್ರ ತಗ್ಗು ಬಿದ್ದಿದ್ದರೆ ಬೆಳೆದ ಮೇಲೆ ಆದ ಪೆಟ್ಟಿರಬಹುದು. ಮೀನು ಕಚ್ಚಿರಬಹುದು, ಅಲೆಗೆ ಉರುಳಿದ ಕಲ್ಲು ಬಡಿದಿರಬಹುದು, ಪರಾವಲಂಬಿ ಬಸವನಹುಳು ಮೈಗೆ ಅಂಟಿಕೊಂಡಿದ್ದಿರಬಹುದು.

ನನ್ನ ನಾಲ್ಕು ಪಟ್ಟಿಯ ಚಿಪ್ಪಿನಲ್ಲಿ ಊನ ಬಾಯಿಯಿಂದ ನೆತ್ತಿಯವರೆಗೂ ಇತ್ತು. ಅಂದರೆ ಅದು ಮರಿಯಾಗಿದ್ದಾಗಲೇ ಆದದ್ದು. ಮರಿಗಳು ಹರಿವಿನ ಜೊತೆ ವಾರಗಟ್ಟಲೆ ತೇಲಿ ಬಂದು ಎಲ್ಲೋ ನೆಲೆ ನಿಲ್ಲುತ್ತವೆ. ಹಾಗಿದ್ದ ಮೇಲೆ ಅದನ್ನು ಹಿಡಿದುಕೊಂಡು ಈ ಬಂದರಿನ ಇವತ್ತಿನ ನೀರಿನ ಬಗ್ಗೆ ಏನು ಹೇಳಲಿ? ಒಂದು ಚಿಪ್ಪು ಸಾಕ್ಷಿಯಾಗಲ್ಲ ಅಂತ ಆಗ ಒಪ್ಪಿಕೊಂಡೆ. ನೀರನ್ನೇ ಕೇಳಬೇಕು ಅಂದರೆ ಮರಿಗಳನ್ನು ಆ ನೀರಿನಲ್ಲೇ ಬೆಳೆಸಿ ನೋಡಬೇಕು.

ಇದು ಹಳೆಯ ದಾರಿಯೇ. 1892ರಲ್ಲಿ ಕುರ್ಟ್ ಹರ್ಬ್‌ಸ್ಟ್ ಅನ್ನುವ ಜರ್ಮನ್ ವಿಜ್ಞಾನಿ ಲಿಥಿಯಂ ಬೆರೆಸಿದ ನೀರಿನಲ್ಲಿ ಅರ್ಚಿನ್ ಭ್ರೂಣಗಳನ್ನು ಬೆಳೆಸಿದಾಗ, ಒಳಗೆ ಬೆಳೆಯಬೇಕಾದ ಕರುಳು ಹೊರಗೆ ಚಾಚಿಕೊಂಡಿತ್ತು. ನೀರಿನಲ್ಲಿರುವುದು ಮರಿಯ ಆಕಾರದಲ್ಲಿ ಕಾಣುತ್ತದೆ ಅನ್ನುವುದಕ್ಕೆ ಇದಕ್ಕಿಂತ ಏನು ಬೇಕು?

ನಾನು ಮಾಡುವುದು ಹೀಗೆ. ಸಂತಾನದ ಕಾಲದಲ್ಲಿ ಆರೋಗ್ಯವಾಗಿರುವ ಅರ್ಚಿನ್‌ಗಳನ್ನು ತಂದು, ಬಾಯಿಯ ಸುತ್ತ ಇರುವ ಮೆತ್ತನೆಯ ಪೊರೆಯ ಮೂಲಕ ಸ್ವಲ್ಪ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಚುಚ್ಚುತ್ತೇನೆ. ಹೆಣ್ಣಾದರೆ ಸಮುದ್ರದ ನೀರು ತುಂಬಿದ ಬೀಕರಿನ ಮೇಲೆ ತಲೆಕೆಳಗಾಗಿ ಇಡಬೇಕು. ನಿಮಿಷದೊಳಗೆ ನೆತ್ತಿಯ ಐದು ರಂಧ್ರಗಳಿಂದ ಕಿತ್ತಳೆ ಬಣ್ಣದ ಮೊಟ್ಟೆಗಳ ಐದು ಎಳೆಗಳು ಮೆಲ್ಲಗೆ ಕೆಳಗಿಳಿಯುತ್ತವೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಗಂಡಿನ ಬೀಜರಸ ಹಾಲಿನಂತೆ ಬೆಳ್ಳಗಿರುತ್ತದೆ. ಅದಕ್ಕೆ ನೀರು ತಾಗಿಸದೆ ಐಸ್ ಮೇಲೆ ಇಡಬೇಕು. ಎರಡನ್ನೂ ಸೇರಿಸಿದ ಒಂದೆರಡು ನಿಮಿಷದಲ್ಲಿ ಮೊಟ್ಟೆಯ ಸುತ್ತ ಪೊರೆಯೊಂದು ಉಂಗುರದ ಹಾಗೆ ಎದ್ದು ನಿಲ್ಲುತ್ತದೆ.

ಎರಡು ಮೂರು ದಿನದಲ್ಲಿ ಮರಿ ಪ್ಲೂಟಿಯಸ್ ಹಂತಕ್ಕೆ ಬರುತ್ತದೆ. ಕಾಲು ಚಾಚಿದ ಪುಟ್ಟ ಸ್ಟ್ಯಾಂಡಿನ ಹಾಗೆ ಇರುತ್ತದೆ, ಒಳಗೆ ಗಾಜಿನಂಥ ಸುಣ್ಣದ ಕಡ್ಡಿಗಳು. ಕಡ್ಡಿ ಅಡ್ಡಾದಿಡ್ಡಿಯಾಗಿದೆಯಾ, ಒಂದು ತೋಳು ಮೊಂಡಾಗಿದೆಯಾ, ಬೆಳವಣಿಗೆಯೇ ನಿಂತಿದೆಯಾ ಅಂತ ಪ್ರತಿ ಬಾಟಲಿಯಿಂದ ನೂರು ಮರಿ ಎಣಿಸುತ್ತೇನೆ. ಜೊತೆಗೆ ಶುದ್ಧ, ಸೋಸಿದ ಸಮುದ್ರದ ನೀರಿನ ಬಾಟಲಿಗಳೂ ಇರುತ್ತವೆ. ಅದರಲ್ಲಿ ನೂರಕ್ಕೆ ಎಂಬತ್ತಾದರೂ ಸರಿಯಾಗಿ ಬೆಳೆದಿರದಿದ್ದರೆ ಆ ಪರೀಕ್ಷೆಯನ್ನೇ ಲೆಕ್ಕಕ್ಕೆ ಹಿಡಿಯಲ್ಲ.

ಮೊದಲ ಪರೀಕ್ಷೆ ಅಲ್ಲೇ ಮುಗ್ಗರಿಸಿತು. ಬಂದರಿನ ನೀರಿನಲ್ಲಿ ಮರಿಗಳು ವಕ್ರವಾಗಿದ್ದವು. ಆದರೆ ಶುದ್ಧ ನೀರಿನಲ್ಲೂ ಅರ್ಧದಷ್ಟು ವಕ್ರ! ಎರಡು ದಿನ ಹುಡುಕಿದೆ. ಬೀಕರ್‌ಗಳನ್ನು ಸೋಪಿನಲ್ಲಿ ತೊಳೆದು ಸರಿಯಾಗಿ ಜಾಲಿಸಿರಲಿಲ್ಲ, ಅಷ್ಟೇ. ಈಗ ಮರಿಗಳಿಗೆ ಅಂತಲೇ ಬೇರೆ ಗಾಜಿನ ಸಾಮಾನು ಇಟ್ಟಿದ್ದೇನೆ. ಅದಕ್ಕೆ ಸೋಪು ತಾಗಿಸಲ್ಲ.

ಇನ್ನೊಂದು ಮಾತು, ಇದನ್ನು ಮರೆತರೆ ಎಲ್ಲ ಶ್ರಮವೂ ವ್ಯರ್ಥ. ಮಳೆ ಬಂದ ಮರುದಿನದ ನೀರಿನಲ್ಲಿ ಉಪ್ಪು ಕಡಿಮೆ ಇರುತ್ತದೆ. ಉಪ್ಪು ಕಡಿಮೆಯಾದರೂ ಮರಿಗಳು ಕೆಡುತ್ತವೆ. ಹಾಗಾಗಿ ಮೊದಲು ಲವಣಾಂಶ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಅಮೋನಿಯಾ ಅಳೆದು ಆಮೇಲೆ ಮರಿ ಬಿಡುವುದು. ದೋಣಿಗಳ ತಳಕ್ಕೆ ಬಳಿಯುವ ಬಣ್ಣದಲ್ಲಿ ತಾಮ್ರ ಇರುತ್ತದೆ, ಅದು ಕೊಂಚವೇ ಇದ್ದರೂ ಮರಿಗಳಿಗೆ ವಿಷ. ಹೆಚ್ಚಿದ ಇಂಗಾಲದ ಡೈಆಕ್ಸೈಡ್‌ನಿಂದ ಕಡಲು ಆಮ್ಲದ ಕಡೆ ವಾಲುತ್ತಿರುವುದು ಬೇರೆ ಥರ ಕಾಣುತ್ತದೆ. ಅದರಲ್ಲಿ ಮರಿ ವಕ್ರವಾಗುವುದಕ್ಕಿಂತ ಗಿಡ್ಡವಾಗುವುದೇ ಜಾಸ್ತಿ. ಅದಕ್ಕೇ ತೋಳಿನ ಉದ್ದವನ್ನೂ ಅಳೆಯುತ್ತೇನೆ.

ಈಚೆಗೆ ಬಾಟಲಿಗಳ ಮೇಲೆ ಜಾಗದ ಹೆಸರು ಬರೆಯುವುದನ್ನು ಬಿಟ್ಟಿದ್ದೇನೆ. ಜೊತೆಗಾರರೊಬ್ಬರು ಬರೀ ನಂಬರ್ ಹಚ್ಚಿ, ಯಾವ ನಂಬರ್ ಯಾವ ಜಾಗದ್ದು ಅನ್ನುವ ಪಟ್ಟಿಯನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಎಣಿಕೆ ಮುಗಿದು ಪೆನ್ನಿನಲ್ಲಿ ಅಂಕಿ ಬರೆದ ಮೇಲೆ ಮಾತ್ರ ಯಾವ ನೀರು ಯಾವುದು ಅಂತ ನನಗೆ ಹೇಳುತ್ತಾರೆ.