ಕೋವಿಡ್ ವಾರ್ಡಿನ ಸಿಬಿಸಿಗಳಲ್ಲಿ ನಾನು ಆರ್‌ಡಿಡಬ್ಲ್ಯೂ ನೋಡಿದ ಬಗೆ

2021ರ ಮೇ ತಿಂಗಳು. ದಾವಣಗೆರೆ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಬೆಳಗ್ಗೆ ಆರಕ್ಕೇ ಕೋವಿಡ್ ವಾರ್ಡಿನಿಂದ ನೇರಳೆ ಮುಚ್ಚಳದ ಟ್ಯೂಬುಗಳು ಟ್ರೇ ತುಂಬಾ ಬರುತ್ತಿದ್ದವು. ಕಾಯಿಲೆ ಎಷ್ಟು ಜೋರಾಗಿದೆ ಅಂತ ಅಂದಾಜಿಸುವ ಡಿ-ಡೈಮರ್, ಫೆರಿಟಿನ್ ಅನ್ನುವ ರಕ್ತಪರೀಕ್ಷೆಗಳನ್ನು ಹೊರಗೆ ಕಳಿಸಬೇಕಿತ್ತು. ರಿಪೋರ್ಟ್ ಬರುವಷ್ಟರಲ್ಲಿ ಮರುದಿನ ಆಗುತ್ತಿತ್ತು, ದುಡ್ಡೂ ಜಾಸ್ತಿ. ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ, ಮಾತ್ರ ನಮ್ಮ ಕೈಯಲ್ಲೇ ಇತ್ತು. ಮಷೀನಿಗೆ ಕೊಟ್ಟರೆ ಒಂದು ನಿಮಿಷದ ಕೆಲಸ.

ಡಾಕ್ಟ್ರು ಆ ರಿಪೋರ್ಟಿನಲ್ಲಿ ಲಿಂಫೋಸೈಟ್ ಎಷ್ಟು ಬಿದ್ದಿದೆ, ಪ್ಲೇಟ್‌ಲೆಟ್ ಎಷ್ಟಿದೆ ಅಂತ ನೋಡುತ್ತಿದ್ದರು. ಕೆಂಪು ಕಣದ ಸಾಲುಗಳಲ್ಲಿ ಹಿಮೋಗ್ಲೋಬಿನ್ ಬಿಟ್ಟರೆ ಬೇರೇನನ್ನೂ ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ನಮ್ಮ ಪೆಥಾಲಜಿ ಮೇಡಂ ಬಾಸ್ಟನ್‌ನ ಒಂದು ಅಧ್ಯಯನ ತೋರಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ಬಂದದ್ದು, 1,641 ಕೋವಿಡ್ ರೋಗಿಗಳ ಲೆಕ್ಕ. ಸೇರುವಾಗ ಸಿಬಿಸಿಯ ಕೆಂಪು ಕಣದ ಸಾಲುಗಳಲ್ಲಿ ಬರುವ ಆರ್‌ಡಿಡಬ್ಲ್ಯೂ ಅನ್ನುವ ಸಂಖ್ಯೆ ಶೇಕಡಾ 14.5ಕ್ಕಿಂತ ಹೆಚ್ಚಿದ್ದವರಲ್ಲಿ ನೂರಕ್ಕೆ 31 ಜನ ತೀರಿಕೊಂಡಿದ್ದರು. ಅದಕ್ಕಿಂತ ಕಡಿಮೆ ಇದ್ದವರಲ್ಲಿ 11. ಆಸ್ಪತ್ರೆಯಲ್ಲಿ ಇದ್ದಾಗ ಅದು ಏರುತ್ತಾ ಹೋದವರಿಗೂ ಅಪಾಯ ಜಾಸ್ತಿಯೇ ಇತ್ತು. ದಿನಾ ನನ್ನ ಕೈಯಿಂದಲೇ ಪ್ರಿಂಟ್ ಆಗುವ ಸಂಖ್ಯೆ ಅದು, ಅಲ್ವಾ? ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಆರ್‌ಡಿಡಬ್ಲ್ಯೂ ಅಂದರೆ ಕೆಂಪು ಕಣಗಳ ಗಾತ್ರದಲ್ಲಿ ಎಷ್ಟು ಹೆಚ್ಚುಕಮ್ಮಿ ಇದೆ ಅನ್ನುವುದು. ವಾರ್ಡಿನ ಸಿಸ್ಟರ್ ಕೇಳಿದಾಗ ರೊಟ್ಟಿ ಲೆಕ್ಕದಲ್ಲಿ ಹೇಳಿದೆ. ಒಬ್ಬರೇ ತಟ್ಟಿದ ರೊಟ್ಟಿಗಳು ಹೆಚ್ಚುಕಮ್ಮಿ ಒಂದೇ ಅಗಲ ಇರುತ್ತವೆ. ಹತ್ತು ಜನ ಕೂತು ತಟ್ಟಿದರೆ ಬುಟ್ಟಿಯಲ್ಲಿ ದೊಡ್ಡದೂ ಚಿಕ್ಕದೂ ಬೆರೆತಿರುತ್ತವೆ. ಕಾಯಿಲೆ ಜೋರಾದಾಗ ಮೂಳೆಮಜ್ಜೆ ಹೊಸ ಕಣ ಮಾಡುವುದು ನಿಧಾನ ಆಗುತ್ತದೆ, ಹಳೇ ಕಣಗಳು ಇನ್ನೊಂದಿಷ್ಟು ದಿನ ರಕ್ತದಲ್ಲೇ ಉಳಿಯುತ್ತವೆ. ಕಣ ಹಳೆಯದಾದಷ್ಟೂ ಕುಗ್ಗುತ್ತದೆ. ಹಾಗಾಗಿ ಗಾತ್ರದ ವ್ಯತ್ಯಾಸ ಹೆಚ್ಚುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಆದರೆ ಬಾಸ್ಟನ್‌ನ 14.5 ಅನ್ನು ಇಲ್ಲಿಗೆ ಹಾಗೇ ತಂದರೆ ನಡೆಯುವುದಿಲ್ಲ ಅಂತ ಮೊದಲ ವಾರದಲ್ಲೇ ಗೊತ್ತಾಯಿತು. 34 ವರ್ಷದ ಒಬ್ಬ ಅಕ್ಕನ ಆರ್‌ಡಿಡಬ್ಲ್ಯೂ 18.9 ಬಂತು. ನನಗೆ ಗಾಬರಿ. ಮೇಡಂ ಸ್ಲೈಡ್ ನೋಡಿ, ಹಿಮೋಗ್ಲೋಬಿನ್ 8.2, ಎಂಸಿವಿ (ಕೆಂಪು ಕಣಗಳ ಸರಾಸರಿ ಗಾತ್ರ) 68, ಕಣಗಳೆಲ್ಲ ಬಿಳಚಿಕೊಂಡಿವೆ, ಇದು ಕಬ್ಬಿಣದ ಕೊರತೆ ಕಣಮ್ಮಾ ಅಂದರು. ಆ ಅಕ್ಕ ಆರನೇ ದಿನ ನಡೆದುಕೊಂಡೇ ಮನೆಗೆ ಹೋದರು. 2019-21ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಅಂಥವರಲ್ಲಿ ಮೊದಲ ದಿನದ ಸಂಖ್ಯೆ ಒಂದನ್ನೇ ನೋಡಿ ಹೆದರಬಾರದು. ಅಲ್ಲಿಂದ ಮುಂದೆ ಎಂಸಿವಿ ಪಕ್ಕದಲ್ಲಿ ಬರೆಯದೆ ಆರ್‌ಡಿಡಬ್ಲ್ಯೂ ಬರೆಯಲೇ ಇಲ್ಲ. ಒಂದೇ ರೋಗಿಯಲ್ಲಿ, ಒಂದೇ ಮಷೀನಿನಲ್ಲಿ, ಮೂರು ದಿನಕ್ಕೊಮ್ಮೆ ಎಷ್ಟು ಏರಿತು ಅಂತ ನೋಡತೊಡಗಿದೆ.

ರಕ್ತ ಹಾಕಿಸಿಕೊಂಡವರ ಸಾಲಿಗೆ ಬೇರೆ ಗುರುತು ಬೇಕು. ಇದು ತಪ್ಪು ಮಾಡಿಯೇ ಕಲಿತದ್ದು. ಒಬ್ಬರದು ಒಂದೇ ದಿನದಲ್ಲಿ ಎರಡು ಅಂಕ ಏರಿತ್ತು, ನಾನು ಓಡಿಹೋಗಿ ಹೇಳಿದೆ. ಹಿಂದಿನ ರಾತ್ರಿ ಅವರಿಗೆ ಒಂದು ಬಾಟಲಿ ರಕ್ತ ಕೊಟ್ಟಿದ್ದರು. ಬೇರೆಯವರ ಕಣ ಬೆರೆತರೆ ಸಂಖ್ಯೆ ಏರಬಹುದು.

ಇನ್ನೊಂದು ಟ್ಯೂಬ್ ನಾನು ಮರೆಯುವುದಿಲ್ಲ. ಹಿಮೋಗ್ಲೋಬಿನ್ 11.6, ಕೆಂಪು ಕಣ ಬರೀ 2.4 ಮಿಲಿಯನ್, ಎಂಸಿವಿ 112, ಎಂಸಿಎಚ್‌ಸಿ (ಕಣಗಳೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವುದು) 43. ಎಂಸಿಎಚ್‌ಸಿ 43 ಅಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಅರ್ಥ. ಟ್ಯೂಬನ್ನು ಬೆಳಕಿಗೆ ಓರೆ ಹಿಡಿದೆ. ಗಾಜಿನ ಒಳಗೋಡೆಗೆ ಸಣ್ಣ ಸಣ್ಣ ಕೆಂಪು ರವೆ ಅಂಟಿದ ಹಾಗಿತ್ತು. ಎಸಿ ರೂಮಿನ ತಂಪಿಗೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿದ್ದವು. ಮಷೀನು ಒಂದೊಂದು ಗಂಟನ್ನೂ ಒಂದೇ ದೊಡ್ಡ ಕಣ ಅಂತ ಎಣಿಸಿತ್ತು. 37 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟೆ, ರವೆ ಕರಗಿತು. ಬಿಸಿ ಆರುವ ಮೊದಲೇ ಮತ್ತೆ ಹಾಕಿದೆ. ಕಣ 3.9 ಮಿಲಿಯನ್, ಎಂಸಿವಿ 89, ಆರ್‌ಡಿಡಬ್ಲ್ಯೂ ಕೂಡ ಇಳಿದಿತ್ತು. ಕೋವಿಡ್‌ನಲ್ಲಿ ಕೆಲವರಿಗೆ ಹೀಗಾಗುತ್ತದೆ. ಸ್ಯಾಂಪಲ್ ಬಿಸಿ ಮಾಡದೆ ರಿಪೋರ್ಟ್ ಕೊಟ್ಟಿದ್ದರೆ ಅವರ ಆರ್‌ಡಿಡಬ್ಲ್ಯೂ ಸುಮ್ನೆ ಎಲ್ಲರನ್ನೂ ಹೆದರಿಸುತ್ತಿತ್ತು.

ಇನ್ನು, 58 ವರ್ಷದ ಒಬ್ಬ ರೈತರು. ಸೇರಿದ ದಿನ ಹಿಮೋಗ್ಲೋಬಿನ್ 13.8, ಎಂಸಿವಿ 88, ಆರ್‌ಡಿಡಬ್ಲ್ಯೂ 13.4. ರಕ್ತಹೀನತೆ ಇಲ್ಲ, ರಕ್ತ ಹಾಕಿಲ್ಲ. ನಾಲ್ಕನೇ ದಿನ 14.2, ಏಳನೇ ದಿನ 15.1. ಎರಡು ಸಲ ಹಾಕಿ ನೋಡಿದೆ, ಸ್ಲೈಡೂ ನೋಡಿದೆ. ಆಮೇಲೆ ಡಾಕ್ಟ್ರಿಗೆ ಫೋನ್ ಮಾಡಿ, ಸರ್, ಇವರದು ಏರುತ್ತಾ ಇದೆ ಅಂದೆ. ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯ ಸಂಖ್ಯೆಯೂ ಅವರಿಗೆ ಏರುತ್ತಿತ್ತು. ಡಾಕ್ಟ್ರು ಎರಡನ್ನೂ ಸೇರಿಸಿ ನೋಡಿ, ಅವರನ್ನು ಐಸಿಯು ಬಾಗಿಲ ಹತ್ತಿರದ ಹಾಸಿಗೆಗೆ ಹಾಕಿಸಿದರು. ಮರುದಿನ ರಾತ್ರಿ ಆಕ್ಸಿಜನ್ ಬೇಕಾದ ಪ್ರಮಾಣ ಏರಿತು. ಬರೀ ನನ್ನ ಸಂಖ್ಯೆಯಿಂದ ಇದು ಗೊತ್ತಾಯಿತು ಅಂತ ಹೇಳಲಾರೆ. ಆರ್‌ಡಿಡಬ್ಲ್ಯೂ ಒಂದನ್ನೇ ನೋಡಿ ನಾವು ಯಾರನ್ನೂ ಐಸಿಯುಗೆ ಕಳಿಸಿಲ್ಲ, ಕಳಿಸಲೂಬಾರದು. ಇವರ ಮೇಲೆ ಒಂದು ಕಣ್ಣಿರಲಿ ಅಂತ ಒಂದು ದಿನ ಮೊದಲು ಹೇಳಲು ಆಯಿತು, ಅಷ್ಟು.

ಅವರು ಉಳಿದರು. ಮನೆಗೆ ಹೋದ ಒಂದು ತಿಂಗಳಿಗೆ ಹೆಂಡತಿ ಜೊತೆ ಬಂದಾಗಲೂ 15.2 ಇತ್ತು. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಜ್ವರ ಬಿಟ್ಟ ಕೂಡಲೇ ಈ ಸಂಖ್ಯೆ ಇಳಿಯುವುದಿಲ್ಲ, ಅಣ್ಣಾ, ಹೆದರಬೇಡಿ ಅಂದೆ. ಸೆಪ್ಟೆಂಬರ್ ಕೊನೆಗೆ ಮತ್ತೆ ಬಂದರು. 13.6. ಅದೇ ನೋಟ್‌ಬುಕ್ಕಿನಲ್ಲಿ, ಅವರ ಅದೇ ಸಾಲಿನ ಕೊನೆಗೆ ಬರೆದುಕೊಂಡೆ.